ಮಗು ಒಂದು ಕಾಲನ್ನು ಕಡಿಮೆ ಆಡಿಸುತ್ತಿದೆ ಅನ್ನಿಸಿದರೆ: ಮನೆಯಲ್ಲಿ ಏನು ನೋಡಬೇಕು, ಯಾವಾಗ ಹೊರಡಬೇಕು

ಕಾಲಿಗೆ ಗೆಜ್ಜೆ ಹಾಕಿದ ಮನೆಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಬಲಗಾಲಿನ ಗೆಜ್ಜೆ ಘಲ್ ಘಲ್ ಅನ್ನುತ್ತಲೇ ಇರುತ್ತದೆ, ಎಡಗಾಲಿನದು ಆಗೊಮ್ಮೆ ಈಗೊಮ್ಮೆ. ಉಳಿದ ಮನೆಗಳಲ್ಲಿ ಡೈಪರ್ ಬದಲಿಸುವ ಅಮ್ಮನಿಗೋ ಎಣ್ಣೆ ಹಚ್ಚುವ ಅಜ್ಜಿಗೋ ಮೊದಲು ಅನುಮಾನ ಬರುತ್ತದೆ, ಈ ಕಾಲು ಯಾಕೋ ಸ್ವಲ್ಪ ಬಿಗಿ ಅಂತ. ಅಲ್ಲಿಂದ ಶುರು. ಒಬ್ಬರು "ಎಲ್ಲ ಮಕ್ಕಳೂ ಹಾಗೇ, ನಿನ್ನ ಗಂಡನೂ ಹಾಗೇ ಇದ್ದ" ಅನ್ನುತ್ತಾರೆ. ಮೊಬೈಲ್ ಹಿಡಿದು ಹುಡುಕಿದರೆ ಎರಡನೇ ಸಾಲಿಗೇ ಸೆರೆಬ್ರಲ್ ಪಾಲ್ಸಿ, ಅಂದರೆ ಎಳೆಯ ಮೆದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆ ಕೆಡುವ ತೊಂದರೆ, ಅಂತ ಬರುತ್ತದೆ. ಆ ರಾತ್ರಿ ಕಣ್ಣು ಮುಚ್ಚುವುದಿಲ್ಲ.

ಬಹಳಷ್ಟು ಮಕ್ಕಳಲ್ಲಿ ಇದು ಏನೂ ಅಲ್ಲ. ಮೊದಲ ಕೆಲವು ತಿಂಗಳು ಯಾವ ಮಗುವೂ ಎರಡೂ ಕಾಲನ್ನು ಅಳತೆ ಹಾಕಿದ ಹಾಗೆ ಒದೆಯುವುದಿಲ್ಲ. ಒಮ್ಮೆ ಎರಡೂ ಒಟ್ಟಿಗೆ, ಒಮ್ಮೆ ಒಂದಾದ ಮೇಲೆ ಒಂದು, ಒಮ್ಮೆ ಒಂದೇ. ಆದರೆ ಕೆಲವು ಮಕ್ಕಳಲ್ಲಿ ಇದೇ ಮೊದಲ ಸುಳಿವು, ಅವರ ವಿಷಯದಲ್ಲಿ ಒಂದೊಂದು ತಿಂಗಳಿಗೂ ಬೆಲೆ ಇದೆ. ಇವರಿಬ್ಬರನ್ನು ಬೇರೆ ಮಾಡುವ ಪ್ರಶ್ನೆ ಒಂದೇ: ಆ ಕಾಲನ್ನು ಮಗು ಕಡಿಮೆ ಆಡಿಸುತ್ತಿದೆಯೋ, ಅಥವಾ ಆಡಿಸಲು ಅದಕ್ಕೆ ಆಗುತ್ತಿಲ್ಲವೋ? ಕೆಳಗೆ ಹೇಳಿರುವುದೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿ. ಕಾಯಿಲೆಗೆ ಹೆಸರಿಡುವ ಕೆಲಸ ಡಾಕ್ಟರದ್ದು. ನಮ್ಮದು ನೋಡುವ ಕೆಲಸ, ಸರಿಯಾಗಿ ಹೇಳುವ ಕೆಲಸ.

ಮೊದಲು, ಇವತ್ತೇ ಹೊರಡಬೇಕಾದವು

ನಿನ್ನೆವರೆಗೆ ಎರಡೂ ಕಾಲು ಚೆನ್ನಾಗಿ ಆಡಿಸುತ್ತಿದ್ದ ಮಗು ಇವತ್ತು ಒಂದನ್ನು ಅಲ್ಲಾಡಿಸುತ್ತಿಲ್ಲ ಎಂದರೆ ಈ ಲೇಖನ ಪೂರ್ತಿ ಓದುತ್ತಾ ಕೂರಬೇಡಿ. ಅದರಲ್ಲೂ ಆ ಕಾಲು ಮುಟ್ಟಿದರೆ, ಡೈಪರ್ ಬದಲಿಸಲು ಎತ್ತಿದರೆ ಕಿರುಚುತ್ತಿದ್ದರೆ ನೇರ ಆಸ್ಪತ್ರೆಗೆ ಹೋಗಿ. ಸೊಂಟದ ಕೀಲಿನಲ್ಲೋ ಮೂಳೆಯಲ್ಲೋ ಸೋಂಕಾಗಿ ಕೀವು ತುಂಬಿದ್ದರೆ ಹಸುಗೂಸುಗಳಲ್ಲಿ ಕಾಣುವುದು ಹೀಗೇ. ಎಳೆಯ ಮಗುವಿಗೆ ಜ್ವರ ಬರಲೇಬೇಕು ಅಂತಿಲ್ಲ. ಕಾಲು ಸುಮ್ಮನೆ ಬಿದ್ದಿರುತ್ತದೆ, ಅಷ್ಟೇ. ಇಂಥದ್ದರಲ್ಲಿ ಸಮಯ ಗಂಟೆಗಳ ಲೆಕ್ಕದಲ್ಲಿ ಓಡುತ್ತದೆ, ಬೆಳಗ್ಗೆ ನೋಡೋಣ ಅನ್ನುವುದು ಬೇಡ. ಮೂಳೆ ಮುರಿದಿದ್ದರೂ ಮಗು ಹೀಗೇ ಮಾಡುತ್ತದೆ.

ಹೊರಡುವ ಮುನ್ನ ಅರ್ಧ ನಿಮಿಷ ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಹೆರಿಗೆಯಾದ ಮೂರ್ನಾಲ್ಕು ತಿಂಗಳಿಗೆ ತಾಯಿಯ ಕೂದಲು ಹಿಡಿ ಹಿಡಿ ಉದುರುತ್ತದಲ್ವಾ? ಅದರ ಒಂದೆಳೆ ಸಾಕ್ಸ್ ಒಳಗೆ ಸೇರಿ ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುವುದುಂಟು. ಬೆರಳು ಕೆಂಪಾಗಿ ಊದಿರುತ್ತದೆ, ಕೂದಲು ಕಣ್ಣಿಗೇ ಕಾಣದಷ್ಟು ಒಳಗೆ ಕೂತಿರುತ್ತದೆ. ಸುಲಭವಾಗಿ ಬಿಡಿಸಲು ಬಂದರೆ ಸರಿ, ಬಾರದಿದ್ದರೆ ಕತ್ತರಿ ಹಿಡಿದು ಸಾಹಸ ಮಾಡಬೇಡಿ. ಆಸ್ಪತ್ರೆಯಲ್ಲಿ ತೆಗೆಯುತ್ತಾರೆ.

ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಚುಚ್ಚುಮದ್ದು ಹಾಕಿಸಿದ ದಿನದ ಕಥೆ ಬೇರೆ. ಸರ್ಕಾರಿ ವೇಳಾಪಟ್ಟಿಯಲ್ಲಿ ಪೆಂಟಾವೇಲೆಂಟ್ ಲಸಿಕೆಯನ್ನು ಎಡತೊಡೆಗೆ ಕೊಡುತ್ತಾರೆ. ಒಂದೆರಡು ದಿನ ಆ ಕಾಲು ನೋಯುತ್ತದೆ, ಮಗು ಆಡಿಸುವುದಿಲ್ಲ. ಅದು ತಾನಾಗಿ ಹೋಗುತ್ತದೆ. ಎರಡು ಮೂರು ದಿನ ಕಳೆದರೂ ಹೋಗದಿದ್ದರೆ, ಊತ ಏರುತ್ತಿದ್ದರೆ ತೋರಿಸಿ.

ಕಾಲು ನೋವಿಲ್ಲದೆ ಇದ್ದಕ್ಕಿದ್ದಂತೆ ಜೋತುಬಿದ್ದರೂ ಅವತ್ತೇ ಹೋಗಬೇಕು. ಆಗ ಸರ್ಕಾರಿ ಸಿಬ್ಬಂದಿ ಬಂದು ಮಗುವಿನ ಮಲದ ಮಾದರಿ ಎರಡು ಸಲ ಕೇಳಿದರೆ ಗಾಬರಿಯಾಗಬೇಡಿ. ಭಾರತಕ್ಕೆ ಪೋಲಿಯೋ ಮುಕ್ತ ಅಂತ 2014ರಲ್ಲಿ ಪ್ರಮಾಣಪತ್ರ ಸಿಕ್ಕಿದೆ. ಆದರೂ 15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ಹೀಗೆ ಸೋತರೂ ಪರೀಕ್ಷೆ ಮಾಡುವ ಕಾವಲು ಇವತ್ತಿಗೂ ನಡೆಯುತ್ತಿದೆ. ಮಾದರಿ ಕೇಳಿದ ಮಾತ್ರಕ್ಕೆ ಪೋಲಿಯೋ ಅಂತಲ್ಲ.

ಇನ್ನೊಂದು, ಫಿಟ್ಸ್. ಮಗುವಿನ ಕಾಲು ಗಡಗಡ ನಡುಗಿದರೆ ಮೆತ್ತಗೆ ಕೈಯಲ್ಲಿ ಹಿಡಿದು ನೋಡಿ. ಹಿಡಿದಾಗ ನಿಂತರೆ ಬಹುತೇಕ ಅದು ಎಳೆ ಮಕ್ಕಳ ಮಾಮೂಲಿ ನಡುಕ. ಹಿಡಿದರೂ ಒಂದೇ ತಾಳದಲ್ಲಿ ಎಳೆಯುತ್ತಲೇ ಇದ್ದರೆ ಅದು ಫಿಟ್ಸ್ ಇರಬಹುದು. ನಿದ್ದೆಯಿಂದೆದ್ದ ಮಗು ತಲೆ ಮುಂದಕ್ಕೆ ಬಗ್ಗಿಸಿ ಕೈಕಾಲು ಫಕ್ಕನೆ ಮಡಚಿ, ಕೆಲವು ಸೆಕೆಂಡು ಬಿಟ್ಟು ಮತ್ತೆ ಮತ್ತೆ ಹಾಗೇ ಮಾಡುತ್ತಿದ್ದರೆ, "ಬೆಚ್ಚಿ ಬೀಳ್ತಿದೆ" ಅಂತ ದೃಷ್ಟಿ ತೆಗೆದು ಸುಮ್ಮನಾಗಬೇಡಿ. ವಿಡಿಯೋ ಮಾಡಿಕೊಂಡು ಅವತ್ತೇ ತೋರಿಸಿ.

ಮನೆಯಲ್ಲಿ ನೋಡುವ ಬಗೆ

ಮೇಲಿನ ಯಾವುದೂ ಇಲ್ಲ, ಒಂದು ಕಾಲು ಸ್ವಲ್ಪ ಸೋಮಾರಿ ಅನ್ನಿಸುತ್ತಿದೆ ಅಷ್ಟೇ ಅನ್ನುವವರು ಒಂದು ವಾರ ಸಮಾಧಾನವಾಗಿ ನೋಡಬಹುದು. ಒಂದು ವಾರ ಎಂದರೆ ಒಂದೇ ವಾರ.

ಹೊಟ್ಟೆ ತುಂಬಿ, ನಿದ್ದೆ ಮುಗಿದು, ಮಗು ಖುಷಿಯಾಗಿರುವ ಹೊತ್ತು ಆರಿಸಿಕೊಳ್ಳಿ. ತೊಟ್ಟಿಲು ಬೇಡ, ಸೀರೆಯ ಜೋಲಿಯಂತೂ ಬೇಡವೇ ಬೇಡ. ಅದರೊಳಗೆ ಮೈ ಮುದುಡಿಕೊಂಡಿರುತ್ತದೆ, ಏನೂ ಗೊತ್ತಾಗುವುದಿಲ್ಲ. ನೆಲದ ಮೇಲೆ ಚಾಪೆ, ಅದರ ಮೇಲೊಂದು ಮಡಚಿದ ಹೊದಿಕೆ. ಡೈಪರ್, ಚಡ್ಡಿ, ಸಾಕ್ಸ್ ಎಲ್ಲ ತೆಗೆಯಿರಿ. ಅಂಗಾತ ಮಲಗಿಸಿ, ಕಾಲಿನ ಕಡೆ ಕೂತು ನೋಡಿ.

ಮಗುವಿನ ತಲೆ ಯಾವ ಕಡೆ ತಿರುಗಿದೆ ಅನ್ನುವುದನ್ನು ಮೊದಲು ಗಮನಿಸಿ. ಮೊದಲ ನಾಲ್ಕೈದು ತಿಂಗಳು ತಲೆ ಬಲಕ್ಕೆ ತಿರುಗಿದರೆ ಬಲಗೈ ಬಲಗಾಲು ಚಾಚಿಕೊಳ್ಳುತ್ತವೆ, ಎಡಗೈ ಎಡಗಾಲು ಮಡಚಿಕೊಳ್ಳುತ್ತವೆ. ಬಿಲ್ಲು ಹಿಡಿದು ನಿಂತ ಭಂಗಿ ಅದು. ಹುಟ್ಟಿನಿಂದ ಬರುವ ಪ್ರತಿಕ್ರಿಯೆ, ತಾನಾಗಿ ಮಾಯವಾಗುತ್ತದೆ. ಸದಾ ಕಿಟಕಿಯ ಕಡೆಗೋ ಅಮ್ಮ ಮಲಗುವ ಕಡೆಗೋ ತಿರುಗಿಕೊಳ್ಳುವ ಮಗುವಿನ ಒಂದು ಕಾಲು ಸದಾ ಚಾಚಿ, ಇನ್ನೊಂದು ಸದಾ ಮಡಚಿ ಕಾಣುವುದು ಇದಕ್ಕೇ. ಆದ್ದರಿಂದ ತಲೆ ನಡುವೆ ಬರುವಂತೆ ನಿಮ್ಮ ಮುಖವನ್ನೇ ಎದುರಿಗೆ ಹಿಡಿದು ನೋಡಿ. ಆಮೇಲೆ ಮಗುವನ್ನು ತಲೆ ಕಾಲು ದಿಕ್ಕು ಬದಲಿಸಿ ಮಲಗಿಸಿ. ಈಗ ಸೋಮಾರಿ ಕಾಲೂ ಬದಲಾಯಿತೇ? ಹಾಗಿದ್ದರೆ ಅದು ಕಾಲಿನ ಮಾತಲ್ಲ, ಕಿಟಕಿಯ ಮಾತು. ಎತ್ತ ಮಲಗಿಸಿದರೂ ಕತ್ತು ಒಂದೇ ಕಡೆ ಹೊರಳುತ್ತಿದ್ದರೆ, ಇನ್ನೊಂದು ಕಡೆ ತಿರುಗಲೇ ಒಲ್ಲದಿದ್ದರೆ ಕತ್ತಿನ ಸ್ನಾಯು ಬಿಗಿದಿರಬಹುದು. ಅದಕ್ಕೂ ಫಿಸಿಯೋಥೆರಪಿ ಇದೆ.

ಇನ್ನು ಅಂಗಾಲಿಗೆ ಬೆರಳ ತುದಿಯಿಂದ ಮೆಲ್ಲಗೆ ಗೀರಿ. ಎರಡೂ ಕಾಲು ಅಷ್ಟೇ ಚುರುಕಾಗಿ ಹಿಂದೆ ಸರಿಯುತ್ತವೆಯೇ? ತೊಡೆ, ಮಂಡಿ, ಹಿಮ್ಮಡಿ, ಬೆರಳು ನಾಲ್ಕನ್ನೂ ಬೇರೆ ಬೇರೆಯಾಗಿ ನೋಡಿ. ಕೆಲವೊಮ್ಮೆ ತೊಡೆ ಆಡುತ್ತಿರುತ್ತದೆ, ಆದರೆ ಪಾದ ಮಾತ್ರ ಸದಾ ಕೆಳಕ್ಕೆ ಚೂಪಾಗಿ ನಿಂತಿರುತ್ತದೆ, ಬೆರಳು ಬಿಚ್ಚುವುದೇ ಇಲ್ಲ. ಅದು ಬರೆದಿಟ್ಟುಕೊಳ್ಳಬೇಕಾದ ಸಂಗತಿ. ಎಣ್ಣೆ ಹಚ್ಚುವಾಗ ಎರಡೂ ಕಾಲಿನ ಬಿಗಿ ಒಂದೇ ಥರ ಇದೆಯೇ, ಒಂದು ಕಟ್ಟಿಗೆಯ ಹಾಗೆ ಇನ್ನೊಂದು ಮೆತ್ತಗೆ ಇದೆಯೇ ಅಂತ ಕೇಳಬೇಕಾದ್ದು ದಿನಾ ಎಣ್ಣೆ ಹಚ್ಚುವವರನ್ನೇ. ಅವರ ಕೈಗೆ ಗೊತ್ತಾಗುವಷ್ಟು ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಬೆನ್ನು ತಿರುಗಿಸಿ ಸೊಂಟದ ಕೆಳಗೂ ಒಮ್ಮೆ ನೋಡಿ. ಅಲ್ಲಿ ಆಳದ ಗುಳಿ, ಕೂದಲಿನ ಗೊಂಚಲು, ಗಂಟು ಏನಾದರೂ ಇದ್ದರೆ ಡಾಕ್ಟರಿಗೆ ತಪ್ಪದೆ ತೋರಿಸಿ, ಬೆನ್ನುಹುರಿಯ ತೊಂದರೆ ಇದ್ದರೆ ಕಾಲು ಸೋಲುತ್ತದೆ.

ಇದನ್ನೇ ದಿನಕ್ಕೊಂದು ಸಲ, ಬೇರೆ ಬೇರೆ ಹೊತ್ತಿನಲ್ಲಿ ನೋಡಿ. ಒಂದು ದಿನ ಎಡ, ಇನ್ನೊಂದು ದಿನ ಬಲ ಅಂತ ಸೋಮಾರಿತನ ಬದಲಾಗುತ್ತಿದ್ದರೆ, ಕಚಗುಳಿ ಇಟ್ಟಾಗ, ಬಿಸಿನೀರಿನ ಸ್ನಾನದಲ್ಲಿ, ಅಳುವಾಗ ಎರಡೂ ಕಾಲು ಜೋರಾಗಿ ಒದ್ದರೆ ಅರ್ಧ ಚಿಂತೆ ಬಿಡಬಹುದು. ಪ್ರತಿ ಸಲವೂ ಅದೇ ಕಾಲು, ಅಳುವಾಗಲೂ ಅದೇ ಕಾಲು ಹಿಂದೆ ಅಂದರೆ ವಾರ ಮುಗಿಯುವವರೆಗೂ ಕಾಯಬೇಕಿಲ್ಲ.

ವಿಡಿಯೋ ಮಾಡಿ, ಆದರೆ ಹೀಗೆ ಮಾಡಿ

ಆಸ್ಪತ್ರೆಯಲ್ಲಿ ಮಗು ನಿದ್ದೆ ಮಾಡುತ್ತಿರುತ್ತದೆ ಇಲ್ಲವೇ ಅರಚುತ್ತಿರುತ್ತದೆ. ಡಾಕ್ಟರಿಗೆ ಸಿಗುವುದು ಕೆಲವೇ ನಿಮಿಷ. ಅದಕ್ಕೇ ವಿಡಿಯೋ. ಮೂರರಿಂದ ಐದು ನಿಮಿಷ ಸಾಕು. ಮೊಬೈಲನ್ನು ಕಾಲಿನ ಕಡೆಯಿಂದ ಮೇಲಕ್ಕೆ ಹಿಡಿದು, ತಲೆಯಿಂದ ಪಾದದವರೆಗೆ ಇಡೀ ಮೈ ಕಾಣುವಂತೆ ತೆಗೆಯಿರಿ. ಮಗು ಎಚ್ಚರವಾಗಿ, ಅಳದೆ, ಅಂಗಾತ ಮಲಗಿರಲಿ. ಬಟ್ಟೆ ಕಡಿಮೆ ಇರಲಿ. ಆಟಿಕೆ ಆಡಿಸಬೇಡಿ, ಮಾತಾಡಿಸಬೇಡಿ, "ಚಿನ್ನೂ ಇಲ್ನೋಡು" ಬೇಡ. ಮಗು ತನ್ನ ಪಾಡಿಗೆ ತಾನು ಆಡಬೇಕು.

ಇದಕ್ಕೊಂದು ಕಾರಣ ಇದೆ. ಸುಮಾರು 9ರಿಂದ 20 ವಾರದೊಳಗಿನ ಮಕ್ಕಳು ಸುಮ್ಮನೆ ಮಲಗಿರುವಾಗ ಕತ್ತು, ಮಣಿಕಟ್ಟು, ಸೊಂಟ, ಹಿಮ್ಮಡಿ ಎಲ್ಲವೂ ಸಣ್ಣಗೆ, ಎಲ್ಲ ದಿಕ್ಕಿಗೂ ಕುಣಿಯುತ್ತಿರುತ್ತವೆ. ಆ ಸಣ್ಣ ಚಲನೆ ಇದೆಯೋ ಇಲ್ಲವೋ ಎಂದು ಇಂಥ ವಿಡಿಯೋ ನೋಡಿಯೇ ತರಬೇತಿ ಪಡೆದವರು ಗುರುತಿಸುತ್ತಾರೆ. ಅದರ ಜೊತೆ ನರಗಳ ಪರೀಕ್ಷೆ, ಬೇಕಿದ್ದರೆ ಮೆದುಳಿನ ಎಂಆರ್‌ಐ ಸೇರಿಸಿ ಸೆರೆಬ್ರಲ್ ಪಾಲ್ಸಿಯ ಅಪಾಯವನ್ನು ಆರು ತಿಂಗಳೊಳಗೇ ಹೇಳಲು ಈಗ ಸಾಧ್ಯ. ಎರಡು ವರ್ಷ ಆಗುವವರೆಗೆ ಏನೂ ಹೇಳಲಾಗದು ಅನ್ನುವುದು ಹಳೆಯ ಮಾತು.

ಸೊಂಟದ ಕೀಲು: ನೋವಿಲ್ಲದ ಕಳ್ಳ

ಒಂದು ಕಾಲು ಕಡಿಮೆ ಆಡಲು ನರ, ಮೆದುಳು ಕಾರಣವಾಗಿರಲೇಬೇಕು ಅಂತಿಲ್ಲ. ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಸರಿಯಾಗಿ ಕೂತಿರದಿದ್ದರೂ ಹೀಗಾಗುತ್ತದೆ. ಹೆಣ್ಣುಮಕ್ಕಳಲ್ಲಿ ಜಾಸ್ತಿ, ಚೊಚ್ಚಲ ಮಕ್ಕಳಲ್ಲಿ ಜಾಸ್ತಿ, ಎಡಗಡೆಗೇ ಜಾಸ್ತಿ. ಹೊಟ್ಟೆಯಲ್ಲಿ ಕೊನೆಯ ತಿಂಗಳುಗಳಲ್ಲಿ ತಲೆ ಮೇಲಾಗಿ ಕೂತಿದ್ದ ಬ್ರೀಚ್ ಮಕ್ಕಳಿಗೆ, ಮನೆಯಲ್ಲಿ ಯಾರಿಗಾದರೂ ಇದೇ ತೊಂದರೆ ಇದ್ದವರಿಗೆ ಅಪಾಯ ಹೆಚ್ಚು. ಸಿಸೇರಿಯನ್ ಆದ ಮಾತ್ರಕ್ಕೆ ಬ್ರೀಚ್ ಲೆಕ್ಕದಿಂದ ಹೋಗುವುದಿಲ್ಲ.

ಮಗುವಿಗೆ ಇದರಿಂದ ನೋವಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಡೈಪರ್ ಬದಲಿಸುವಾಗ ಎರಡೂ ತೊಡೆ ಕಪ್ಪೆಯ ಕಾಲಿನಂತೆ ಅಗಲಕ್ಕೆ ತೆರೆಯಬೇಕು. ಒಂದು ಪೂರ್ತಿ ಬಿಚ್ಚಿಕೊಂಡು ಇನ್ನೊಂದು ಅರ್ಧಕ್ಕೇ ನಿಂತರೆ ಅದು ಗಟ್ಟಿ ಸುಳಿವು. ಒತ್ತಿ ತೆರೆಯಲು ಹೋಗಬೇಡಿ. ಅಂಗಾತ ಮಲಗಿಸಿ ಎರಡೂ ಮಂಡಿ ಮಡಚಿ ಪಾದ ನೆಲಕ್ಕೆ ತಾಗಿಸಿದಾಗ ಒಂದು ಮಂಡಿ ತಗ್ಗಾಗಿ ಕಂಡರೂ ತೋರಿಸಬೇಕು. ತೊಡೆಯ ಮಡಿಕೆ ಎರಡೂ ಕಡೆ ಒಂದೇ ಥರ ಇಲ್ಲ ಅಂತ ಬಹಳ ಜನ ಹೆದರುತ್ತಾರೆ. ಮಡಿಕೆ ಮಾತ್ರ ಹೆಚ್ಚುಕಮ್ಮಿ ಇರುವ ಆರೋಗ್ಯವಂತ ಮಕ್ಕಳು ಬೇಕಾದಷ್ಟಿದ್ದಾರೆ. ಎರಡೂ ಸೊಂಟ ಜಾರಿದ್ದರೆ ಮಂಡಿ ಎರಡೂ ಸಮನಾಗೇ ಕಾಣುತ್ತವೆ, ಮನೆಯ ಪರೀಕ್ಷೆ ಅಲ್ಲಿ ಸೋಲುತ್ತದೆ. ಹಾಗಾಗಿ ಬ್ರೀಚ್ ಮಗುವಾಗಿದ್ದರೆ ಏನೂ ಕಾಣದಿದ್ದರೂ ಸುಮಾರು ಆರು ವಾರಕ್ಕೆ ಸೊಂಟದ ಅಲ್ಟ್ರಾಸೌಂಡ್ ಬೇಕೇ ಅಂತ ನೀವಾಗಿ ಕೇಳಿ. ನಾಲ್ಕರಿಂದ ಆರು ತಿಂಗಳಾದ ಮೇಲೆ ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುತ್ತದೆ.

ಆರು ತಿಂಗಳೊಳಗೆ ಸಿಕ್ಕರೆ ಸಾಮಾನ್ಯವಾಗಿ ಪಾವ್ಲಿಕ್ ಪಟ್ಟಿ ಹಾಕುತ್ತಾರೆ. ಭುಜದಿಂದ ಪಾದಕ್ಕೆ ಬರುವ ಬಟ್ಟೆಯ ಪಟ್ಟಿಗಳು, ಕಾಲನ್ನು ಮಡಚಿ ಅಗಲವಾಗಿ ಹಿಡಿದಿಡುತ್ತವೆ. ಬಹಳಷ್ಟು ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ. ನಡೆಯಲು ಶುರುಮಾಡಿ ಕುಂಟಿದ ಮೇಲೆ ಗೊತ್ತಾದರೆ ಆಪರೇಷನ್ನೇ ಬೇಕಾಗುವುದು ಹೆಚ್ಚು.

ನಮ್ಮ ಕಡೆಯ ಎರಡು ಅಭ್ಯಾಸ ಇಲ್ಲಿ ಎದುರು ಬದುರು ನಿಲ್ಲುತ್ತವೆ. ಕಾಲು ಸೊಟ್ಟಗಾಗದಿರಲಿ ಅಂತ ಕಾಲು ನೀಳವಾಗಿ ಜೋಡಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ಸೊಂಟಕ್ಕೆ ಕೆಟ್ಟದ್ದು. ಸುತ್ತಲೇಬೇಕಿದ್ದರೆ ತೋಳಿಗೆ ಸುತ್ತಿ, ಕಾಲು ಒಳಗೆ ಸಡಿಲವಾಗಿ ಮಡಚಿ ಆಡುವಷ್ಟು ಜಾಗ ಬಿಡಿ. ಕತ್ತು ನಿಂತ ಮೇಲೆ ಮಗುವನ್ನು ಕಂಕುಳಲ್ಲಿ, ಸೊಂಟದ ಎರಡೂ ಬದಿಗೆ ಕಾಲು ಹಾಕಿ ಎತ್ತಿಕೊಳ್ಳುತ್ತೇವಲ್ಲ, ಅದು ಕೀಲಿಗೆ ತುಂಬಾ ಒಳ್ಳೆಯದು.

ಕಾಲಿನ ಸುದ್ದಿ ಕೈ ಹೇಳುತ್ತದೆ

ಕಾಲು ನೋಡಲು ಕೂತವರು ಕೈ ನೋಡುವುದನ್ನು ಮರೆಯುತ್ತಾರೆ. ಮೆದುಳಿನ ಒಂದು ಬದಿಗೆ ಪೆಟ್ಟಾಗಿದ್ದರೆ ಮೈಯ ಇನ್ನೊಂದು ಬದಿಯ ಕೈ ಕಾಲು ಎರಡೂ ಹಿಂದೆ ಬೀಳುತ್ತವೆ, ಹೆಚ್ಚಾಗಿ ಮೊದಲು ಕಣ್ಣಿಗೆ ಬೀಳುವುದು ಕೈ. ಹುಟ್ಟುವ ಆಸುಪಾಸಿನಲ್ಲಿ ಮಗುವಿಗೂ ಸ್ಟ್ರೋಕ್ ಆಗಬಹುದು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಂಥ ಮಗು ಮೊದಲ ಮೂರ್ನಾಲ್ಕು ತಿಂಗಳು ಎಲ್ಲರ ಹಾಗೇ ಕಾಣುವುದೂ ಇದೆ.

ನಾಲ್ಕು ತಿಂಗಳಾದ ಮೇಲೂ ಒಂದು ಕೈ ಸದಾ ಮುಷ್ಟಿ, ಹೆಬ್ಬೆರಳು ಒಳಗೆ, ಇನ್ನೊಂದು ಕೈ ಬಿಚ್ಚಿ ಆಡುತ್ತಿದೆ ಅಂದರೆ ತೋರಿಸಿ. ಆರು ತಿಂಗಳ ಮಗುವಿನ ಬಲಭಾಗಕ್ಕೆ ಗಿಲಕಿ ಹಿಡಿದರೂ ಎಡಗೈಯನ್ನೇ ಮೈ ಮೇಲಿಂದ ದಾಟಿಸಿ ಹಿಡಿಯುತ್ತದೆ ಅಂದರೆ ತೋರಿಸಿ. ಮನೆಯವರು "ಎಡಚ ಆಗ್ತಾನೆ, ಅವರ ತಾತನ ಥರ" ಅಂತ ಸಂಭ್ರಮ ಪಡುತ್ತಾರೆ. ಆದರೆ ಎಡಚರಾಗಲಿ ಬಲಚರಾಗಲಿ, ಒಂದು ವರ್ಷದೊಳಗೆ ಮಕ್ಕಳು ಕೈ ಆರಿಸಿಕೊಳ್ಳಬಾರದು, ಎರಡೂ ಬಳಸಬೇಕು. ಅಷ್ಟು ಬೇಗ ಒಂದೇ ಕೈ ಬಳಸುತ್ತಿದ್ದರೆ ಇನ್ನೊಂದು ಕೈಗೆ ಏನಾಗಿದೆ ಅಂತ ಕೇಳಬೇಕು.

ಅಂಬೆಗಾಲಿನಲ್ಲೂ ಇದೇ ಅಳತೆ. ಒಂದು ಮಂಡಿ ಊರಿ, ಇನ್ನೊಂದು ಪಾದ ಊರಿ ಕುಂಟುತ್ತಾ ಓಡುವ ಮಕ್ಕಳಿದ್ದಾರೆ. ಕೂತಲ್ಲೇ ಅಂಡು ತೆವಳಿಸಿಕೊಂಡು ಮನೆಯೆಲ್ಲ ಸುತ್ತುವವರೂ ಇದ್ದಾರೆ, ಅವರ ಅಪ್ಪನೋ ಅಮ್ಮನೋ ಹಾಗೇ ಮಾಡಿರುತ್ತಾರೆ, ನಡೆಯುವುದೂ ಸ್ವಲ್ಪ ತಡ. ಎರಡೂ ಕೈ ಚೆನ್ನಾಗಿ ಊರಿ, ಕಾಲು ಮಾತ್ರ ವಿಚಿತ್ರವಾಗಿಟ್ಟರೆ ಮುಂದಿನ ಚುಚ್ಚುಮದ್ದಿನ ದಿನ ಸೊಂಟ ಒಮ್ಮೆ ನೋಡಿಸಿದರೆ ಸಾಕು. ಕೈ ಕಾಲು ಎರಡೂ ಒಂದೇ ಬದಿಯದು ಎಳೆದುಕೊಂಡು ಬರುತ್ತಿದ್ದರೆ ಹಾಗಲ್ಲ, ಬೇಗ ಹೋಗಬೇಕು.

ತಿಂಗಳ ಲೆಕ್ಕ, ಪಕ್ಕದ ಮನೆಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ದೇಶದ ಆರೋಗ್ಯವಂತ ಮಕ್ಕಳನ್ನು ನೋಡಿದ್ದರು. ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ. ಅಂಬೆಗಾಲು 5.2ರಿಂದ 13.5. ತಾನಾಗಿ ನಡೆಯುವುದು 8.2ರಿಂದ 17.6. ನೂರಕ್ಕೆ ನಾಲ್ಕರಷ್ಟು ಮಕ್ಕಳು ಅಂಬೆಗಾಲು ಇಡದೇ ಎದ್ದು ನಡೆದಿದ್ದರು. ಈ ಅಂತರ ನೋಡಿ, ಎಷ್ಟು ದೊಡ್ಡದು! ಪಕ್ಕದ ಮನೆಯ ಮಗು ಹತ್ತು ತಿಂಗಳಿಗೆ ಹೊಸ್ತಿಲು ದಾಟಿದರೆ ನಿಮ್ಮದು ಹದಿನಾರಕ್ಕೆ ದಾಟಬಹುದು, ಇಬ್ಬರೂ ಸರಿಯೇ.

ತಡ ಆಗುವುದಕ್ಕಿಂತ ಎಡ ಬಲ ಬೇರೆಯಾಗುವುದು ನನ್ನ ಲೆಕ್ಕದಲ್ಲಿ ದೊಡ್ಡ ಸುಳಿವು. ಆದರೂ ಗಡುವುಗಳಿವೆ. ನಾಲ್ಕು ತಿಂಗಳಿಗೆ ಕತ್ತು ನಿಂತಿಲ್ಲ, ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂರುತ್ತಿಲ್ಲ, ಒಂದೂವರೆ ವರ್ಷಕ್ಕೆ ನಡೆಯುತ್ತಿಲ್ಲ ಅಂದರೆ ತೋರಿಸಲೇಬೇಕು. ಕಲಿತದ್ದನ್ನು ಮರೆತರೆ ಯಾವ ವಯಸ್ಸಾದರೂ ಸರಿ, ತಡ ಮಾಡಬಾರದು. ಎತ್ತಿ ನಿಲ್ಲಿಸಿದಾಗ ಎರಡೂ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬಂದರೂ ಹಾಗೇ.

ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ತಾರೀಖಿನಿಂದ ಲೆಕ್ಕ ಹಾಕಬೇಡಿ, ಹುಟ್ಟಬೇಕಿದ್ದ ತಾರೀಖಿನಿಂದ ಹಾಕಿ. ಎರಡು ತಿಂಗಳು ಮುಂಚೆ ಬಂದ ಆರು ತಿಂಗಳ ಮಗುವಿನಿಂದ ನಾಲ್ಕು ತಿಂಗಳ ಮಗುವಿನ ಆಟವನ್ನೇ ಬಯಸಬೇಕು. ಎರಡು ವರ್ಷದವರೆಗೆ ಈ ಲೆಕ್ಕ.

ಎರಡೂ ಕಡೆ ಸಮನಾಗಿ ಮೆತ್ತಗಾಗಿ, ಮೊದಲು ನಗುತ್ತಿದ್ದ ಮಗು ಮಂಕಾಗಿ, ಬೆರಳ ಗೆಣ್ಣುಗಳು ಕಪ್ಪಾಗುತ್ತಾ ಬಂದರೆ ಬಿ12 ಕೊರತೆ ಇರಬಹುದು. ಬರೀ ಎದೆಹಾಲು ಕುಡಿಯುವ ಮಗು, ತಾಯಿ ಸಸ್ಯಾಹಾರಿ, ಬಾಣಂತನದ ಪಥ್ಯದಲ್ಲಿ ಹಾಲು ಮೊಸರೂ ಬಂದ್ ಅನ್ನುವ ಮನೆಗಳಲ್ಲಿ ಇದನ್ನು ನೆನಪಿಡಿ. ಬೇಗ ಗೊತ್ತಾದರೆ ಔಷಧಿ ಸುಲಭ.

ಎಲ್ಲಿಗೆ ಹೋಗುವುದು, ಏನು ಹೇಳುವುದು

ಮೊದಲು ನಿಮ್ಮ ಮಾಮೂಲಿ ಮಕ್ಕಳ ಡಾಕ್ಟರು. ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆ. 3, 6, 9, 12, 15ನೇ ತಿಂಗಳಿಗೆ ಮನೆಗೆ ಬಂದು ಬೆಳವಣಿಗೆ ನೋಡುವುದು ಅವರ ಕೆಲಸದ ಭಾಗ. ತಾಯಿ ಕಾರ್ಡಿನಲ್ಲೇ ಯಾವ ತಿಂಗಳಿಗೆ ಏನು ಮಾಡಬೇಕು ಅಂತ ಚಿತ್ರ ಸಮೇತ ಇದೆ, ಚುಚ್ಚುಮದ್ದಿನ ಪುಟ ಬಿಟ್ಟು ಬೇರೆ ಪುಟ ತೆರೆಯುವವರೇ ಕಡಿಮೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ ಬರುತ್ತದೆ. ಸೊಂಟದ ಕೀಲು, ತಿರುಚಿದ ಪಾದ, ಚಲನೆಯ ತಡ ಮೂರೂ ಅವರ ಪಟ್ಟಿಯಲ್ಲಿವೆ. ಅವರು ಜಿಲ್ಲಾ ಆಸ್ಪತ್ರೆಯ ಆರಂಭಿಕ ಪತ್ತೆ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿಗೆ ಹೋಗಲು ತಂಡ ಬರುವವರೆಗೆ ಕಾಯಬೇಕಾಗಿಲ್ಲ, ನೇರವಾಗಿ ಹೋಗಿ ಕೇಳಬಹುದು. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ನಿಮ್ಹಾನ್ಸ್ ಇವೆ. ಥೆರಪಿಗೆ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಮೂರು ವರ್ಷದೊಳಗಿನ ಮಕ್ಕಳಿಗೆ ಪ್ರತಿ ರಾಜ್ಯದಲ್ಲೂ ಬೆಳವಣಿಗೆಯ ತೊಂದರೆಗೆ ಬೇಗ ನೆರವು ಕೊಡುವ ಅರ್ಲಿ ಇಂಟರ್‌ವೆನ್ಷನ್ ವ್ಯವಸ್ಥೆ ಇದೆ, ಡಾಕ್ಟರ ಚೀಟಿ ಇಲ್ಲದೆಯೂ ತಂದೆ ತಾಯಿ ನೇರ ಫೋನ್ ಮಾಡಬಹುದು. ಬ್ರಿಟನ್‌ನಲ್ಲಿ ಹೆಲ್ತ್ ವಿಸಿಟರ್‌ಗೆ ಹೇಳಿ.

ಒಳಗೆ ಹೋದಾಗ "ಕಾಲು ಸರಿ ಆಡಿಸ್ತಿಲ್ಲ ಡಾಕ್ಟ್ರೇ" ಅಂದರೆ "ಎಲ್ಲ ಸರಿ ಇದೆ" ಅಂತಲೇ ಉತ್ತರ ಬರುವ ಸಾಧ್ಯತೆ ಜಾಸ್ತಿ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಯಾವ ಕಾಲು, ಎಂದಿನಿಂದ, ಅಳುವಾಗಲೂ ಹಾಗೇ ಇದೆಯೇ, ಅದೇ ಬದಿಯ ಕೈ ಹೇಗಿದೆ. ಎಷ್ಟು ವಾರಕ್ಕೆ ಹುಟ್ಟಿತು, ತೂಕ ಎಷ್ಟು, ಹುಟ್ಟಿದ ತಕ್ಷಣ ಅತ್ತಿತ್ತೇ, ಐಸಿಯುನಲ್ಲಿ ಇಟ್ಟಿದ್ದರೇ, ಕಾಮಾಲೆ ಜೋರಾಗಿತ್ತೇ, ಫಿಟ್ಸ್ ಬಂದಿತ್ತೇ, ಬ್ರೀಚ್ ಇತ್ತೇ. ಡಿಸ್ಚಾರ್ಜ್ ಸಮ್ಮರಿ ಇದ್ದರೆ ಅದನ್ನೇ ಕೊಡಿ. "ಹುಟ್ಟಿದಾಗ ಅಳಲಿಲ್ಲ" ಅನ್ನುವುದನ್ನು ಅತ್ತೆ ಮಾವನ ಎದುರು ಹೇಳಲು ಹಿಂಜರಿಯುವ ತಾಯಂದಿರಿದ್ದಾರೆ. ಡಾಕ್ಟರಿಗೆ ಬೇಕಾದ ಮೊದಲ ಮಾತು ಅದೇ. ಆಮೇಲೆ ವಿಡಿಯೋ ತೋರಿಸಿ.

ಡಾಕ್ಟರು ಮಗುವಿನ ಬಟ್ಟೆ ಬಿಚ್ಚಿಸಿ, ಎರಡೂ ಸೊಂಟ ತೆರೆದು, ಕೈಕಾಲಿನ ಬಿಗಿ ನೋಡಬೇಕು, ತಲೆಯ ಸುತ್ತಳತೆ ತೆಗೆಯಬೇಕು. ಮೇಜಿನಾಚೆ ಕೂತೇ ಸರಿ ಇದೆ ಅಂದರೆ "ಒಮ್ಮೆ ಸೊಂಟ ಮುಟ್ಟಿ ನೋಡ್ತೀರಾ?" ಅಂತ ಮೃದುವಾಗಿ ಕೇಳಿ. ಅದರಲ್ಲಿ ಸಂಕೋಚ ಬೇಡ.

"ಕಾದು ನೋಡೋಣ" ಅನ್ನುವುದು ತಪ್ಪಲ್ಲ. ಎಷ್ಟೋ ಸಲ ಅದೇ ಸರಿಯಾದ ಸಲಹೆ. ಆದರೆ ತಾರೀಖಿಲ್ಲದ ಕಾಯುವಿಕೆಯನ್ನು ಒಪ್ಪಬೇಡಿ. "ಎಷ್ಟು ವಾರ ಕಾಯಬೇಕು? ಅಷ್ಟರಲ್ಲಿ ಏನು ಬದಲಾಗಬೇಕು? ಬದಲಾಗದಿದ್ದರೆ ಮುಂದೆ ಯಾವ ಪರೀಕ್ಷೆ?" ಈ ಮೂರು ಕೇಳಿ, ಉತ್ತರ ಫೈಲಿನ ಮೇಲೆ ಬರೆಸಿಕೊಳ್ಳಿ. ಸಮಾಧಾನವಾಗದಿದ್ದರೆ ಇನ್ನೊಬ್ಬ ಡಾಕ್ಟರು. ಸೊಂಟದ ಅನುಮಾನಕ್ಕೆ ಮಕ್ಕಳ ಮೂಳೆ ತಜ್ಞರು, ಬಿಗಿ ಅಥವಾ ಸೋಲಿಗೆ ಮಕ್ಕಳ ನರತಜ್ಞರು. ಕಾಯಿಲೆಯ ಹೆಸರು ಖಚಿತವಾಗುವ ಮೊದಲೇ ಫಿಸಿಯೋಥೆರಪಿ ಶುರು ಮಾಡಬಹುದು, ಅದಕ್ಕಾಗಿ ವರದಿ ಕಾಯುತ್ತಾ ಕೂರಬೇಕಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ

ನೆಲದ ಮೇಲೆ ಬಿಡಿ. ಮಲಗಿ ನಿದ್ದೆ ಮಾಡುವಾಗ ಅಂಗಾತ, ಎಚ್ಚರ ಇರುವಾಗ ನಿಮ್ಮ ಕಣ್ಣೆದುರು ಬೋರಲು. ಮೊದಲ ವಾರಗಳಲ್ಲಿ ಒಂದೆರಡು ನಿಮಿಷದಂತೆ ದಿನಕ್ಕೆ ಎರಡು ಮೂರು ಸಲ, ಎರಡು ತಿಂಗಳ ಹೊತ್ತಿಗೆ ಎಲ್ಲ ಸೇರಿ ದಿನಕ್ಕೆ 15ರಿಂದ 30 ನಿಮಿಷ. ಅತ್ತರೆ ನಿಮ್ಮ ಎದೆಯ ಮೇಲೇ ಬೋರಲು ಹಾಕಿಕೊಳ್ಳಿ, ಅದೂ ಲೆಕ್ಕಕ್ಕೆ ಬರುತ್ತದೆ. ಆಟಿಕೆ, ಮಾತು, ದೀಪ ಎಲ್ಲವೂ ಸೋಮಾರಿ ಬದಿಯಿಂದ ಬರಲಿ. ಆ ಪಾದಕ್ಕೆ ಮಾತ್ರ ಗೆಜ್ಜೆ ಕಟ್ಟಿ ನೋಡಿ, ಶಬ್ದ ಕೇಳಿ ಮಗುವೇ ಮತ್ತೆ ಒದೆಯಲು ನೋಡುತ್ತದೆ. ಗೆಜ್ಜೆ ಬಿಗಿಯಾಗಿರಬಾರದು, ಮಣಿ ಕಿತ್ತು ಬಾಯಿಗೆ ಹೋಗುವಂತಿರಬಾರದು. ಚೆನ್ನಾಗಿ ಆಡುವ ಕೈಯನ್ನು ನೀವಾಗಿಯೇ ಕಟ್ಟಿಹಾಕಬೇಡಿ, ಅಂಥ ಚಿಕಿತ್ಸೆ ಇದೆ, ಅದನ್ನು ಥೆರಪಿಸ್ಟ್ ಹೇಳಿದ ಮೇಲೆ ಮಾಡಬೇಕು.

ಎಣ್ಣೆ ಹಚ್ಚಿ, ಮಗುವಿಗೂ ಖುಷಿ, ಹಚ್ಚುವವರಿಗೂ ಖುಷಿ. ಕಾಲು ಹಿಡಿದು ತಲೆಕೆಳಗಾಗಿ ತೂಗುವುದು, ನೀರು ಹಾಕುವಾಗ ಎರಡೂ ಕಾಲು ಜೋಡಿಸಿ ಜೋರಾಗಿ ನೀಳ ಎಳೆಯುವುದು ಮಾತ್ರ ಬೇಡ. ಸೊಂಟದ ಅನುಮಾನ ಇರುವ ಮಗುವಿಗಂತೂ ಯಾರ ಮುಲಾಜೂ ನೋಡದೆ ನಿಲ್ಲಿಸಿ. ಹಿರಿಯರಿಗೆ ಹೇಳುವುದು ಕಷ್ಟ ಅಂದರೆ ಡಾಕ್ಟರ ಬಾಯಲ್ಲೇ ಹೇಳಿಸಿ, ಅವರನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ವಾಕರ್ ತರಬೇಡಿ. ಚಕ್ರದ ವಾಕರಿನಲ್ಲಿ ಮಗು ಬೆರಳ ತುದಿಯಲ್ಲಿ ತಳ್ಳಿಕೊಂಡು ಹೋಗುತ್ತದೆ, ನಡೆಯಲು ಬೇಕಾದ ಸ್ನಾಯು ಬೆಳೆಯುವುದಿಲ್ಲ, ಮೆಟ್ಟಿಲಿಂದ ಉರುಳುವ ಅಪಾಯ ಬೇರೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ನಾಮಕರಣಕ್ಕೆ ಯಾರಾದರೂ ಉಡುಗೊರೆ ಕೊಟ್ಟಿದ್ದರೆ ಅಟ್ಟದ ಮೇಲೆ ಇಡಿ. ದಿವಾನದ ಅಂಚು ಹಿಡಿದು ನಿಲ್ಲುವ ಹೊತ್ತಿಗೆ ಆಟಿಕೆಗಳನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಇಟ್ಟು, ಮಗು ಎರಡೂ ಕಡೆಗೆ ಹೆಜ್ಜೆ ಹಾಕುತ್ತದೆಯೇ ಅಂತ ನೋಡಿ. ಒಂದೇ ಕಡೆಗೆ ಹೋಗುತ್ತಿದ್ದರೆ ಅದನ್ನೂ ವಿಡಿಯೋ ಮಾಡಿ, ಮುಂದಿನ ಭೇಟಿಯ ಚೀಟಿಗೆ ಸೇರಿಸಿ.